ಅಷ್ಟದ್ವೀಪದ ಜಲಸಚಿವರ ಆದೇಶ

2024ರ ಮಾರ್ಚ್ 12, ಮಂಗಳವಾರ, ಬೆಳಗಿನ 6 ಗಂಟೆ 10 ನಿಮಿಷಕ್ಕೆ ಮುಂಬೈಯ ಜೋಗೇಶ್ವರಿಯ ನವಜೀವನ ಬಿಲ್ಡಿಂಗಿನ ಮೂರನೆಯ ಮಹಡಿಯ ನಲ್ಲಿ ಎರಡು ಸಲ ಕೆಮ್ಮಿ, ಒಂದು ಸಲ ಸೀನಿ, ಸುಮ್ಮನಾಯಿತು. ಹನ್ನೊಂದು ದಿನಗಳಿಂದ ಅದು ಮಾಡುತ್ತಿದ್ದ ಕೆಲಸ ಇಷ್ಟೇ. ಅದೇ ನಿಮಿಷದಲ್ಲಿ, ಆ ನಲ್ಲಿಯಿಂದ ಏಳು ಅಡಿ ದೂರದಲ್ಲಿ, ಖಾಲಿ ಡ್ರಮ್ಮನ್ನು ಬೋರಲು ಹಾಕಿ ಅದರ ಮೇಲೆ ಕುಳಿತಿದ್ದ ಶಾಂತಪ್ಪ ಒಂದು ಇಡೀ ಸಚಿವ ಸಂಪುಟದ ರಾಜೀನಾಮೆ ಕೇಳುತ್ತಿದ್ದ.

ಅವನ ಅತ್ತೆ ಮಲ್ಲಕ್ಕ ಅಡಿಗೆ ಮನೆಯಿಂದ ಇಣುಕಿದಳು. ಏಳು ತಿಂಗಳ ಬಸುರಿ ಮಗಳು ಮಹಾದೇವಿಯ ಸೀಮಂತದ ಕುಬಸ ಮಾಡಲೆಂದು ತನ್ನೂರು ಇಂಡಿಯಿಂದ ಬಂದು ಎಂಟು ದಿನವಾಗಿತ್ತು. ಕುಬಸ ಬರುವ ರವಿವಾರ, ಊಟಕ್ಕೆ ನಲವತ್ತು ಜನ.

"ಅಳ್ಯಾರ, ನಳಾ ಬರವಲ್ದು, ನೀವು ನೋಡಿದ್ರ ಮೊಬೈಲ್ ಒತ್ಕೋತ ಕುಂತೀರಿ. ಏನ್ ಮಾಡಾಕತ್ತೀರಿ?"

"ಬರ್ಯಾಕತ್ತೀನ್ರಿ ಅತ್ತಿ."

"ಏನು?"

"ವಾರಪತ್ರಿಕಿ ಐತ್ರಿ. ರಾಜಕೀಯದ್ದು. ನಾ ಅದರ ಸಂಪಾದಕ ಅದೀನಿ."

ಇದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಶಾಂತಪ್ಪ ಹೇಳದೆ ಬಿಟ್ಟದ್ದು ಒಂದೇ ಸಣ್ಣ ಸಂಗತಿ: ಆ ಪತ್ರಿಕೆ ಯಾವ ದೇಶದ್ದು ಎಂಬುದು.

ದೇಶದ ಹೆಸರು ಅಷ್ಟದ್ವೀಪ ಗಣರಾಜ್ಯ. ಅದು ಇಂಟರ್‌ನೆಟ್ಟಿನಲ್ಲಿ ಮಾತ್ರ ಇತ್ತು. ಮುಂಬೈ ಒಂದು ಕಾಲಕ್ಕೆ ಏಳು ದ್ವೀಪಗಳಾಗಿತ್ತಲ್ಲ, ಅದಕ್ಕೊಂದು ಸೇರಿಸಿ ಎಂಟು ಮಾಡಿ, ಒಂದಿಷ್ಟು ಜನ ಕೂಡಿ ದೇಶದ ಆಟ ಹೂಡಿದ್ದರು. ಪ್ರಜೆಗಳು 214, ಪಕ್ಷಗಳು 9. ಒಬ್ಬ ಪ್ರಧಾನಿ, ಒಬ್ಬ ಸೇನಾಪತಿ, ಸೇನೆ ಇಲ್ಲ. ಆಡಳಿತ ಭಾಷೆಗಳು ಕನ್ನಡ, ಮರಾಠಿ, ಹಿಂದಿ. ಸಂವಿಧಾನದ ಮೊದಲ ಕಲಮಿನ ಪ್ರಕಾರ ಯಾರೂ ಯಾರ ನಿಜ ಹೆಸರನ್ನೂ ಕೇಳಬಾರದು, ಹೇಳಬಾರದು, ತಪ್ಪಿದರೆ ಗಡಿಪಾರು. ಈ ದೇಶದ ಏಕಮಾತ್ರ ರಾಜಕೀಯ ವಾರಪತ್ರಿಕೆ 'ಅಷ್ಟದ್ವೀಪ ದರ್ಪಣ'. ಅದರ ಸಂಪಾದಕ 'ಚಂಡಪ್ರತಾಪ'. ಚಂಡಪ್ರತಾಪನೆಂದರೆ, ಹಗಲು ಹೊತ್ತಿನಲ್ಲಿ ಒಂದು ಸಣ್ಣ ಕಾರ್ಖಾನೆಯಲ್ಲಿ ನಲ್ಲಿಯ ರಬ್ಬರ್ ವಾಶರುಗಳ ದಪ್ಪ ಅಳೆದು ಪಾಸು, ಫೇಲು ಎಂದು ಗುರುತು ಹಾಕುವ ಶಾಂತಪ್ಪ. ವಾಶರಿನ ವಿಷಯದಲ್ಲಿ ಅವನು ಮಿಲಿಮೀಟರಿನ ಹತ್ತರಲ್ಲೊಂದು ಭಾಗವನ್ನೂ ಕ್ಷಮಿಸುತ್ತಿರಲಿಲ್ಲ. ಸಚಿವರ ವಿಷಯದಲ್ಲಿಯೂ ಅಷ್ಟೇ. ಮೂರು ವಾರಗಳಿಂದ ಅವನು ಅಷ್ಟದ್ವೀಪದ ಜಲಸಚಿವ ಜಲಧೀರನನ್ನು ಪ್ರತಿ ಸಂಚಿಕೆಯಲ್ಲಿಯೂ 'ಸೋರುವ ನಲ್ಲಿ' ಎಂದೇ ಕರೆಯುತ್ತಿದ್ದ.

ಮಲ್ಲಕ್ಕನ ಮೊಣಕಾಲುಗಳು ಐವತ್ತನಾಲ್ಕು ಮೆಟ್ಟಿಲು ಇಳಿಯುವಂಥವಲ್ಲ. ಆದರೆ ಅಳಿಯ ಸಂಪಾದಕನೆಂದು ತಿಳಿದ ಮೇಲೆ ಅವು ಹೇಗೋ ಇಳಿದವು. ಬಿಲ್ಡಿಂಗಿನ ಕೆಳಗೆ ಬೇರೆ ಪೈಪಿನ ಒಂದು ಹಳೆಯ ನಳವಿತ್ತು. ಅದರ ಮುಂದೆ ದಿನಾ ಕೊಡಗಳ ಸಾಲು. ಮಲ್ಲಕ್ಕ ಆ ಸಾಲಿನ ಮೊದಲ ಕೊಡದಿಂದ ಕಡೆಯ ಕೊಡದ ತನಕ ಸುದ್ದಿ ಮುಟ್ಟಿಸಿ 6 ಗಂಟೆ 50ಕ್ಕೆ ಮೇಲೆ ಬಂದಳು.

ಸಂಜೆ ಶಾಂತಪ್ಪ ಕೆಲಸದಿಂದ ಬಂದಾಗ ಅಂಗಳದಲ್ಲಿ ಬಾಷಾ ಎದ್ದು ನಿಂತ. ಬಾಷಾ ಕಲಬುರ್ಗಿ ಕಡೆಯವನು, ಮೂರನೆಯ ಮಹಡಿಯಲ್ಲೇ ಪಕ್ಕದ ಖೋಲಿ, ಆಟೊ ಓಡಿಸುವವನು. ಅವನ ಆಟೊ ಇಂಜಿನ್ ಕೆಟ್ಟು ಮಾರ್ಚ್ ಒಂದರಿಂದ ಕಂಪೌಂಡಿನ ಗೋಡೆಯ ಬದಿಗೆ ನಿಂತಿತ್ತು. ಬಾಷಾ ದಿನವೆಲ್ಲ ಅದರೊಳಗೇ ಕುಳಿತು ಚಹಾ ಕುಡಿಯುತ್ತ, ನೀರಿನ ಇಲಾಖೆಯನ್ನು ಬೈಯುತ್ತಿದ್ದ.

"ಶಾಂತಪ್ಪ ಭಾಯ್, ಏಳ್ ವರ್ಷ ಬಗಲಾಗ ಇದ್ದು ಒಂದ್ ಮಾತ್ ಹೇಳಿಲ್ಲಲಾ! ಮಿನಿಸ್ಟರ್‌ಗೋಳು ನಿಮ್ ಹೆಸರ್ ಕೇಳಿದ್ರ ಥರಥರ ನಡಗ್ತಾರಂತ?"

"ಯಾರ್ ಹೇಳಿದ್ರು?"

"ನಿಮ್ಮತ್ತಿ. ಸುಳ್ಳೇನು?"

ಶಾಂತಪ್ಪ ಯೋಚಿಸಿದ. ಹಿಂದಿನ ಸಂಚಿಕೆ ಓದಿ ಅಷ್ಟದ್ವೀಪದ ಮೀನುಗಾರಿಕೆ ಸಚಿವ 'ನಡುಗುತ್ತಿದ್ದೇನೆ' ಎಂದು ಬರೆದದ್ದು ನಿಜವೇ. "ಸುಳ್ಳಂತ ಹೇಳಾಕ ಬರಂಗಿಲ್ಲ," ಎಂದ.

"ಮತ್ತ ನಮ್ ನೀರಿಂದು ಬರೀರಲಾ! ಎಲ್ಲಾರ್ದೂ ಬರೀತೀರಿ, ನಮ್ದು ನಕ್ಕೊ, ಬ್ಯಾಡೇನು?"

ಮನೆಯೊಳಗೆ ಮಲ್ಲಕ್ಕ ಇನ್ನೂ ನೇರವಾಗಿ ಮಾತಾಡಿದಳು. "ಅಳ್ಯಾರ, ರವಿವಾರ ಮುಂಜಾನಿತನಾ ನೋಡ್ತೀನಿ. ನಳದಾಗ ನೀರ್ ಬಂದ್ರ ಬಾಣಂತನ ನೀವ್ ಹೇಳಿದಂಗ ಇಲ್ಲೇ ಆಗ್ಲಿ. ಬರಲಿಲ್ಲಂದ್ರ ಸೋಮವಾರ ಗಾಡಿಗೆ ಮಗಳನ್ನ ಇಂಡಿಗಿ ಕರ್ಕೊಂಡ್ ಹೊಕ್ಕೀನಿ. ಟಿಕೀಟ್ ತಗಸೇನಿ."

ಅಂಧೇರಿಯ ಆಸ್ಪತ್ರೆಯಲ್ಲಿ ಹೆರಿಗೆಗೆ ಹೆಸರು ಬರೆಸಿಯಾಗಿತ್ತು. ಮಗುವಿನ ಮೊದಲ ಅಳುವನ್ನು ಫೋನಿನಲ್ಲಿ ಕೇಳಬೇಕಾದೀತೆಂಬ ಭಯ ಶಾಂತಪ್ಪನಿಗೆ ಅಳತೆ ಮೀರಿ ಇತ್ತು. ಅವನು ಡ್ರಮ್ಮಿನ ಮೇಲೆ ಕುಳಿತು ಬರೆದ. 'ಮೂರನೆಯ ಮಹಡಿಯ ಬಾಯಾರಿಕೆ' ಎಂಬ ಮುಖಪುಟ ಲೇಖನ ಬುಧವಾರ ಬೆಳಿಗ್ಗೆ ಎಂಟಕ್ಕೆ ದರ್ಪಣದಲ್ಲಿ ಪ್ರಕಟವಾಯಿತು. ಅಳೆಯುವ ಮನುಷ್ಯನ ಚಾಳಿಯಂತೆ ಬಿಲ್ಡಿಂಗಿನ ಹೆಸರು, ಗಲ್ಲಿ, ಮೆಟ್ಟಿಲುಗಳ ಸಂಖ್ಯೆ ಎಲ್ಲವನ್ನೂ ಇದ್ದಂತೆಯೇ ಕೊಟ್ಟಿದ್ದ. ಊರಿನ ಮುಂದೆ ಮಾತ್ರ ದೇಶಕ್ಕೆ ಒಪ್ಪುವ ಹಾಗೆ 'ಜೋಗೇಶ್ವರಿ ದ್ವೀಪ' ಎಂದಿದ್ದ.

ಮೂರು ವಾರ ಬಾಯಿ ಬಿಡದಿದ್ದ ಜಲಸಚಿವ ಅಂದು ಬಾಯಿ ಬಿಟ್ಟ. ಅಲ್ಲಲ್ಲ, ಆದೇಶವನ್ನೇ ಹೊರಡಿಸಿದ. ಮೇಲೆ ಎರಡು ಬಾಲದ ಮೀನಿನ ರಾಜಮುದ್ರೆ. ಕೆಳಗೆ ಮೂರು ಭಾಷೆಗಳಲ್ಲಿ ಹೀಗೆ:

'ಅಷ್ಟದ್ವೀಪ ಗಣರಾಜ್ಯ, ಜಲ ಸಚಿವಾಲಯ. ದಿನಾಂಕ 13 ಮಾರ್ಚ್ 2024, ಬೆಳಿಗ್ಗೆ 11:42. ಜೋಗೇಶ್ವರಿ ದ್ವೀಪದ ನವಜೀವನ ಬಿಲ್ಡಿಂಗಿನ ಮೂರನೆಯ ಮಹಡಿಗೆ 48 ಗಂಟೆಗಳೊಳಗೆ ನೀರು ತಲುಪತಕ್ಕದ್ದು. ತಪ್ಪಿದ ಅಧಿಕಾರಿಯನ್ನು ಎಂಟನೆಯ ದ್ವೀಪಕ್ಕೆ ವರ್ಗ ಮಾಡಲಾಗುವುದು. ಜರೂರು. ಅತಿ ಜರೂರು. ನಿಜವಾಗಿಯೂ ಜರೂರು.'

ಅಡಿಯಲ್ಲಿ ಜಲಧೀರನ ಸಹಿ, ಅಲೆ ಅಲೆಯಾಗಿ, ಪುಟದ ಅರ್ಧ ಅಗಲಕ್ಕೆ.

ಸಂಪಾದಕನಿಗೆ ಇದಕ್ಕಿಂತ ದೊಡ್ಡ ಗೆಲುವಿಲ್ಲ. ಹಿಗ್ಗು ತಡೆಯಲಾರದೆ ಶಾಂತಪ್ಪ ಸಂಜೆ ಅದನ್ನು ಮನೆಯಲ್ಲಿ ತೋರಿಸಿದ. ಇಲ್ಲಿಯೇ ಅವನು ಕೆಟ್ಟ. ಮಲ್ಲಕ್ಕ ಎರಡು ಸಲ ಓದಿಸಿ ಕೇಳಿದಳು. ಬಾಷಾ ತನ್ನ ಮೊಬೈಲಿಗೆ ಕಳಿಸಿಕೊಂಡ. ಗುರುವಾರ ಮಧ್ಯಾಹ್ನ ಅವನು ಅಂಧೇರಿ ಸ್ಟೇಶನ್ ಹೊರಗಿನ ಅಂಗಡಿಯಿಂದ ಆದೇಶದ ನಾಲ್ಕು ಕಲರ್ ಪ್ರತಿ ತೆಗೆಸಿ ತಂದ. ನಾಲ್ಕನ್ನೂ ಲ್ಯಾಮಿನೇಶನ್ ಮಾಡಿಸಿದ್ದ. ನವಜೀವನದಲ್ಲಿ ರೇಶನ್ ಕಾರ್ಡು, ಮದುವೆಯ ಫೋಟೊ, ಲೈಟ್ ಬಿಲ್ಲು, ಮುಖ್ಯವಾದದ್ದೆಲ್ಲ ಲ್ಯಾಮಿನೇಶನ್ ಆಗುತ್ತದೆ. ಒಮ್ಮೆ ಆಯಿತೆಂದರೆ ಅದು ಸತ್ಯ.

"ನಾಳೆ ಎಲ್ಲಾರೂ ನೀರಿನ ಆಫೀಸಿಗೆ," ಎಂದ ಬಾಷಾ. "ನೀವ್ ಮುಂದ, ಸಂಪಾದಕ್ ಸಾಬ್."

ಶಾಂತಪ್ಪ ಎರಡೂ ಕೈ ಅಡ್ಡ ಹಿಡಿದ. "ಅತ್ತಿ, ಬಾಷಾ, ಒಂದ್ ಮಾತ್ ಕೇಳ್ರಿ. ಇದು ಆಟ ಐತಿ."

"ರಾಜಕೀಯ ಅಂದ್ರ ಆಟನ ಅಲ್ಲೇನ್ರಿ?" ಎಂದಳು ಮಲ್ಲಕ್ಕ. "ನಮಗ ಗೊತ್ತಿಲ್ಲೇನು? ನಾವೂ ಓಟ್ ಹಾಕೇವಿ."

"ಹಂಗಲ್ರಿ. ಆ ದೇಶನ ಇಲ್ಲ!"

"ನೀರೂ ಇಲ್ಲ," ಎಂದ ಬಾಷಾ. "ಬಿಲ್ ಬರ್ತದಿಲ್ಲೋ?"

ಶಾಂತಪ್ಪ ಹೆಂಡತಿಯ ಕಡೆ ನೋಡಿದ. ಮಹಾದೇವಿಗೆ ಅಷ್ಟದ್ವೀಪದ ಸಂಗತಿ ಮದುವೆಯಾದ ವರ್ಷದಿಂದ ಗೊತ್ತು. ಅವಳು ಸೆರಗು ಬಾಯಿಗಿಟ್ಟುಕೊಂಡು ಕೆಮ್ಮಿದಂತೆ ಮಾಡಿ, ಆಮೇಲೆ ಅವನ ಕಿವಿಯ ಹತ್ತಿರ ಮೆಲ್ಲಗೆ ಹೇಳಿದಳು: "ರೀ, ನೀರ್ ಬರೋತನಾ ನಾ ಅಂತೂ ಬಾಯಿ ಬಿಡಂಗಿಲ್ಲ. ನೀವೂ ಬಿಡಬ್ಯಾಡ್ರಿ."

ಶುಕ್ರವಾರ 15ನೆಯ ತಾರೀಖು, 11 ಗಂಟೆ 5 ನಿಮಿಷಕ್ಕೆ ಮೂರನೆಯ ಮಹಡಿಯ ಹನ್ನೊಂದು ಜನ ನೀರಿನ ಆಫೀಸಿನ ಮೆಟ್ಟಿಲು ಹತ್ತಿದರು. ಮುಂದೆ ಮಲ್ಲಕ್ಕ, ಕೈಯಲ್ಲಿ ರೊಟ್ಟಿ ಗಂಟು. ಹಿಂದೆ ಬಾಷಾ, ಕೈಯಲ್ಲಿ ಆದೇಶ. ನಡುವೆ ಶಾಂತಪ್ಪ, ಅರ್ಧ ದಿನದ ರಜೆ ಹಾಕಿ, ಮದುಮಗನ ಹಾಗೆ ತಲೆ ತಗ್ಗಿಸಿ.

ಅರ್ಜಿ ತೆಗೆದುಕೊಳ್ಳುವ ಮೇಜಿನಲ್ಲಿ ಸೋನಾಲಿ ಎಂಬ ಹುಡುಗಿ ಇದ್ದಳು. ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ಅವಳು ಕಾಗದದ ಮೇಲಿನ ಮೀನನ್ನು ಬಹಳ ಹೊತ್ತು ನೋಡಿದಳು.

"ಅಷ್ಟದ್ವೀಪ ಗಣರಾಜ್ಯ? ಹೇ ನವೀನ ಆಹೇ ಕಾ?" ಎಂದಳು, ಹೊಸದಾಗಿ ಬಂದದ್ದೇ ಎಂಬ ಅರ್ಥದಲ್ಲಿ.

ಪ್ರಶ್ನೆ ಸಹಜವೇ. ಈ ಊರಿನಲ್ಲಿ ರಸ್ತೆ ಒಬ್ಬರದು, ಅದರ ಮೇಲಿನ ಸೇತುವೆ ಇನ್ನೊಬ್ಬರದು, ಸೇತುವೆಯ ಕೆಳಗಿನ ಗಟಾರ ಮತ್ತೊಬ್ಬರದು. ಇವರೆಲ್ಲರ ಮೇಲೆ ಇನ್ನೊಂದು ಗಣರಾಜ್ಯ ಬಂದಿರಲಾರದೆಂದು ನಾಲ್ಕು ತಿಂಗಳ ನೌಕರಿಯವಳು ಹೇಗೆ ಹೇಳಿಯಾಳು? 'ಇದು ನನಗೆ ಗೊತ್ತಿಲ್ಲ' ಎಂದು ಕೇಳಲು ಹೋದರೆ ಮೇಲಿನವರು ನಗುತ್ತಾರೆ. ಆ ಆಫೀಸಿನ ರೂಢಿ ಸರಳವಾಗಿತ್ತು: ಮುದ್ರೆ ಇದ್ದ ಕಾಗದಕ್ಕೆ ನಂಬರು ಕೊಡುವುದು, ನಂಬರು ಇದ್ದ ಕಾಗದವನ್ನು ಮುಂದೆ ತಳ್ಳುವುದು.

ಸೋನಾಲಿ 'ಸ್ವೀಕರಿಸಲಾಗಿದೆ' ಎಂಬ ಮೊಹರು ಎತ್ತಿ ಹೊಡೆದಳು. ಮೊಹರು ಲ್ಯಾಮಿನೇಶನ್ ಮೇಲಿಂದ ಜಾರಿತು. ಇನ್ನೊಮ್ಮೆ ಹೊಡೆದಳು. ಈ ಸಲ ಕಾಗದ ಹಿಡಿದಿದ್ದ ಬಾಷಾನ ಅಂಗಿಯ ತೋಳಿಗೆ ಬಿತ್ತು, ಸ್ಪಷ್ಟವಾಗಿ, ತಾರೀಖಿನ ಸಮೇತ.

"ಝೆರಾಕ್ಸ್ ಲಾವ್," ಎಂದಳು. "ದೋ ಕಾಪಿ."

ಬಾಷಾ ಎದುರಿನ ಅಂಗಡಿಗೆ ಓಡಿ ಹೋಗಿ ಬಂದ. ಆದೇಶಕ್ಕೆ ನಂಬರು ಬಿತ್ತು: 1147. ಈಗ ಅದನ್ನು ಬ್ರಹ್ಮನೂ ಆಟ ಎನ್ನುವಂತಿರಲಿಲ್ಲ. ಗಂಟೆ 11:20.

"ಇನ್ನ ಎಷ್ಟ್ ನಿಮಿಷ ಉಳೀತು, ಅಳ್ಯಾರ?"

"ಇಪ್ಪತ್ತೆರಡ್ರಿ," ಎಂದ ಶಾಂತಪ್ಪ. ಹೆದರಿಕೆಯಲ್ಲಿಯೂ ಅವನ ಲೆಕ್ಕ ತಪ್ಪುತ್ತಿರಲಿಲ್ಲ.

ಒಳಗಿನ ಕೋಣೆಯಲ್ಲಿ ಇಂಜಿನಿಯರ್ ಸೋಮನಾಥ ಸಾಹೇಬರಿದ್ದರು. ಅಕ್ಕಲಕೋಟೆ ಕಡೆಯವರು, ಮೃದು ಮಾತಿನವರು. ಒಂದು ವರ್ಷದಿಂದ ಅವರು ಯಾವ ಕಾಗದದ ಮೇಲೂ ತೀರ್ಮಾನ ಬರೆದಿರಲಿಲ್ಲ. ಪ್ರತಿ ಫೈಲಿನ ಮೇಲೂ 'ವರಿಷ್ಠರ ಮಾರ್ಗದರ್ಶನಕ್ಕೆ' ಎಂದು ಬರೆದು ಪೆನ್ನಿಗೆ ಟೊಪ್ಪಿಗೆ ಹಾಕುತ್ತಿದ್ದರು. ಸೋನಾಲಿ ಕಾಗದವನ್ನು ಅವರ ಮುಂದಿಟ್ಟಳು.

ಸೋಮನಾಥ ಸಾಹೇಬರು ಮೀನನ್ನು ನೋಡಿದರು. ಸಹಿಯನ್ನು ನೋಡಿದರು. ಅವರ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು, ಕಡೆಗೆ ಎರಡೂ ಅಲ್ಲದ ಒಂದು ಬಣ್ಣಕ್ಕೆ ಬಂದು ನಿಂತಿತು.

"ಇದು... ಇದು ಖೊಟ್ಟಿ ಕಾಗದ!"

"ಹೆಂಗ್ ಗೊತ್ತಾತ್ರಿ ಸಾಹೇಬ್ರ?" ಮಲ್ಲಕ್ಕ ಕೇಳಿದಳು. "ಆ ಮಿನಿಸ್ಟರ್ ಸಹಿ ನಿಮಗ ಗುರ್ತೈತೇನು?"

"ಗುರ್ತಂದ್ರ... ಯಾಕಂದ್ರ..." ಸಾಹೇಬರು ಮೇಜಿನ ಮೇಲಿನದೇನನ್ನೋ ಕೈಯಿಂದ ಮುಚ್ಚಲು ಹೋದರು.

ಆಗ ಶಾಂತಪ್ಪನ ಕಣ್ಣು ಮೇಜಿನ ಮೇಲೆ ಬಿತ್ತು. ಅಲ್ಲಿದ್ದ ಸರಕಾರಿ ನೋಟ್‌ಪ್ಯಾಡಿನ ಅಂಚಿನಲ್ಲಿ ಬಾಲ್‌ಪೆನ್ನಿನಿಂದ ಬಿಡಿಸಿದ ಮೀನುಗಳಿದ್ದವು. ಒಟ್ಟು ಒಂಬತ್ತು. ಒಂದೊಂದಕ್ಕೂ ಎರಡೆರಡು ಬಾಲ. ಪಕ್ಕದಲ್ಲಿ ಅಲೆ ಅಲೆಯಾದ ಸಹಿಯನ್ನು ಹದಿನೈದು ಸಲ ಕೈ ಕುದುರುವ ತನಕ ಅಭ್ಯಾಸ ಮಾಡಿದ್ದು ಕಾಣುತ್ತಿತ್ತು.

ಶಾಂತಪ್ಪ ತಲೆ ಎತ್ತಿದ. ಇಬ್ಬರ ಕಣ್ಣೂ ಕೂಡಿದವು. ಆದೇಶದ ಮೇಲೆ ದಪ್ಪ ಅಕ್ಷರದಲ್ಲಿ ಸಮಯ ಇತ್ತು: ಬುಧವಾರ, ಬೆಳಿಗ್ಗೆ 11:42. ಆ ಸಮಯಕ್ಕೆ ಸಾಹೇಬರು ಇದೇ ಕುರ್ಚಿಯಲ್ಲಿ, ಸರಕಾರದ ಫ್ಯಾನಿನ ಕೆಳಗೆ ಕುಳಿತಿರಬೇಕು. ಕಾಗದ ಖೊಟ್ಟಿಯೆಂದು ಸಾಧಿಸಬೇಕಾದರೆ ಅದನ್ನು ಬರೆದವನು ನಾನೇ ಎನ್ನಬೇಕು. ನೌಕರಿಯೂ ಹೋಗಬೇಕು, ಅಷ್ಟದ್ವೀಪದಿಂದ ಗಡಿಪಾರೂ ಆಗಬೇಕು. ಇದರಲ್ಲಿ ಯಾವುದು ಹೆಚ್ಚಿನ ಕಷ್ಟವೆಂದು ಸಾಹೇಬರ ಮುಖದಿಂದ ತಿಳಿಯುತ್ತಿರಲಿಲ್ಲ.

"ಸಂಪಾದಕರು ಅಂದ್ರ ನೀವ ಏನು?" ಸಾಹೇಬರ ದನಿ ಬಹಳ ಕೆಳಗೆ ಇಳಿದಿತ್ತು.

"ಹೌದ್ರಿ, ಮಾನ್ಯ... ಸಾಹೇಬ್ರ."

"ಮೂರ್ ವಾರ 'ಸೋರುವ ನಲ್ಲಿ' ಅಂತ ಬರದವ್ರು?"

"ಸಾರ್ವಜನಿಕ ಹಿತಕ್ಕಂತ್ರಿ."

"ಮನಸಿಗಿ ಎಷ್ಟ್ ಹತ್ತೇತಿ ಗೊತ್ತೈತಿ?... ಆ ಸಚಿವರಿಗಿ, ಅಂತೀನಿ. ಅವರಿಗೂ ಮನಿ ಮಂದಿ ಇರ್ತಾರ." ಸಾಹೇಬರು ಕನ್ನಡಕ ಒರೆಸಿಕೊಂಡರು. "ಮುಂದಿನ ಸಂಚಿಕಿಯೊಳಗ ಆ ಮಾತು ವಾಪಸ್ ತಗೋಬೇಕು."

ಶಾಂತಪ್ಪನ ಬೆನ್ನು ತಾನಾಗಿ ನೆಟ್ಟಗಾಯಿತು. "ಪತ್ರಿಕಿ ಸ್ವತಂತ್ರ ಐತ್ರಿ."

"ವಾಲ್ವ್ ನನ್ನ ಕೈಯಾಗ ಐತಿ."

ಪತ್ರಿಕಾ ಸ್ವಾತಂತ್ರ್ಯ ಮತ್ತು ಕುಡಿಯುವ ನೀರು ಹೀಗೆ ಮುಖಾಮುಖಿ ನಿಂತು ಆರು ನಿಮಿಷ ಕಳೆಯಿತು. ಬಾಗಿಲಲ್ಲಿ ಆಫೀಸಿನ ಎಲ್ಲ ಜನ ಸೇರಿದ್ದರು. ಯಾರೋ ಆದೇಶದಲ್ಲಿನ ವರ್ಗಾವಣೆಯ ಸಾಲು ಓದಿಬಿಟ್ಟಿದ್ದರು.

"ಸರ್," ಎಂಟನೆಯ ದ್ವೀಪಕ್ಕೆ ಎಲ್ಲರನ್ನೂ ಕಳಿಸುತ್ತಾರೋ ಎಂದು ಅಂಜಿ ಸೋನಾಲಿ ಕೇಳಿದಳು, "ಯೇ ಆಠ್ವಾ ದ್ವೀಪ್ ಕಹಾಂ ಹೈ? ಸಬ್ ಕೋ ಭೇಜೇಂಗೇ ಕ್ಯಾ?"

"ಅಲ್ಲಿ ಲೋಕಲ್ ಟ್ರೇನ್ ಹೋಗಂಗಿಲ್ಲಂತ," ಎಂದ ಬಾಷಾ, ತೋಳಿನ ಮೊಹರು ಎಲ್ಲರಿಗೂ ಕಾಣುವಂತೆ ಕೈ ಎತ್ತಿ. ಎಲ್ಲಿ ಕೇಳಿದ್ದನೋ ಅವನಿಗೇ ಗೊತ್ತು.

ಮಲ್ಲಕ್ಕ ಅಷ್ಟರಲ್ಲಿ ಆಫೀಸಿನ ಮೂಲೆಯಲ್ಲಿದ್ದ ಕುಡಿಯುವ ನೀರಿನ ಯಂತ್ರವನ್ನು ಕಂಡಳು. ಗುಂಡಿ ಒತ್ತಿದಳು. ತಣ್ಣಗಿನ ನೀರು ದಳದಳನೆ ಬಂತು. ಅವಳು ಅದರ ಬುಡದಲ್ಲೇ ಚಕ್ಕಳಮಕ್ಕಳ ಹಾಕಿ ಕುಳಿತು ರೊಟ್ಟಿಯ ಗಂಟು ಬಿಚ್ಚಿದಳು.

"ಅಳ್ಯಾರ, ಮಹಾದೇವಿನ್ನ ಕರಸ್ರಿ. ಕುಬಸ ಇಲ್ಲೇ ಮಾಡೂನು. ನೀರೈತಿ, ಫ್ಯಾನ್ ಐತಿ, ನೆಂಟ್ರಂತ ಸಾಹೇಬ್ರೂ ಅದಾರ."

"ಅಮ್ಮಾ, ರವಿವಾರ ಆಫೀಸ್ ಬಂದ್ ಇರ್ತದ!" ಎಂದರು ಸಾಹೇಬರು.

"ಹಂಗಿದ್ರ ಇವತ್ತ ಮಾಡೂನು. ಮುಹೂರ್ತ 11:42ಕ್ಕ."

ಬಾಷಾ ನಲವತ್ತು ಜನರಿಗೆ ಫೋನು ಮಾಡಲು ಮೊಬೈಲ್ ತೆಗೆದ. ಸೋನಾಲಿ ಅರಿಶಿನ ಕುಂಕುಮ ಎಲ್ಲಿ ಸಿಗುತ್ತದೆಂದು ಹೇಳತೊಡಗಿದಳು. ಸೋಮನಾಥ ಸಾಹೇಬರು ಗೋಡೆಯ ಗಡಿಯಾರ ನೋಡಿದರು. ಆಮೇಲೆ ತಮ್ಮ ಆದೇಶವನ್ನು ನೋಡಿದರು. 'ನಿಜವಾಗಿಯೂ ಜರೂರು' ಎಂದು ಬರೆದವರಿಗೆ ಅದು ಎಷ್ಟು ಜರೂರೆಂದು ಈಗ ತಿಳಿಯಿತು. ಅವರು ಪೆನ್ನಿನ ಟೊಪ್ಪಿಗೆ ತೆಗೆದು, ಮೇಲಿನ ಜಲಸಚಿವರ ಸಹಿಯ ಕೆಳಗೆ ಬರೆದರು: 'ನೋಡಿದೆ. ಆದೇಶದಂತೆ ಕೂಡಲೇ ಕ್ರಮ ಕೈಗೊಳ್ಳುವುದು.' ಸಹಿ ಮಾಡಿದರು. ಗಂಟೆ 11:41.

ಒಂದು ವರ್ಷದ ಮೇಲೆ ಸಾಹೇಬರ ಸಹಿ ಕಂಡ ಆಫೀಸು ಚಪ್ಪಾಳೆ ತಟ್ಟಿತು. ತಾನು ಕೊಟ್ಟ ಆದೇಶವನ್ನು ತಾನೇ ಪಾಲಿಸಿದ ಸಚಿವ ಬೇರೆ ಯಾವ ದೇಶದಲ್ಲಿಯಾದರೂ ಇದ್ದಾನೆಯೇ ಎಂದು ಶಾಂತಪ್ಪ ಯೋಚಿಸಿದ. ನೆನಪಾಗಲಿಲ್ಲ.

ಶನಿವಾರ ಬೆಳಿಗ್ಗೆ ಇಬ್ಬರು ಕೆಲಸಗಾರರೊಂದಿಗೆ ಸಾಹೇಬರು ಖುದ್ದಾಗಿ ನವಜೀವನಕ್ಕೆ ಬಂದರು. ಕೈಯಲ್ಲಿ ಹಳೆಯ ಫೈಲು. ಅಲ್ಲಿಯ ತನಕ ಅವರು ಅದರ ಮೇಲೆ ಓದದೆಯೇ ಬರೆದಿದ್ದರು. ಓದಿದ್ದರೆ ದರ್ಪಣದ ನವಜೀವನವೂ ತಮ್ಮ ಮೇಜಿನ ನವಜೀವನವೂ ಒಂದೇ ಎಂದು ಬುಧವಾರವೇ ಗೊತ್ತಾಗುತ್ತಿತ್ತು. ಪೈಪು ರಿಪೇರಿಗೆಂದು ಮಾರ್ಚ್ ಒಂದರಂದು ಮೂರನೆಯ ಮಹಡಿಯ ವಾಲ್ವ್ ಮುಚ್ಚಿದ್ದರು. ತೆರೆಯಲು ಎರಡು ಸಲ ಜನ ಬಂದಿದ್ದರು. ಎರಡು ಸಲವೂ ಫೈಲಿನಲ್ಲಿ ಒಂದೇ ಮಾತು: 'ವಾಲ್ವಿನ ಮುಚ್ಚಳದ ಮೇಲೆ ವಾಹನ ನಿಂತಿದೆ. ವರಿಷ್ಠರ ಮಾರ್ಗದರ್ಶನಕ್ಕೆ.'

ಎಲ್ಲರೂ ಕಂಪೌಂಡಿನ ಗೋಡೆಯ ಕಡೆ ತಿರುಗಿದರು. ಬಾಷಾ ತನ್ನ ಆಟೊದೊಳಗೆ ಕುಳಿತು, ಚಹಾ ಕುಡಿಯುತ್ತ, ಪಕ್ಕದವರಿಗೆ ಮೋರ್ಚಾದ ಕತೆ ಹೇಳುತ್ತಿದ್ದ.

"ಬಾಷಾ," ಎಂದಳು ಮಲ್ಲಕ್ಕ, "ಇಳೀ."

"ಕೈಕು ಅಮ್ಮಾ? ಯಾಕ?"

"ಎಲ್ಲಾ ಮಂದಿ ಬಾಯಾಗಿನ ನೀರಿನ ಮ್ಯಾಲ ಕುಂತೀದಿ."

ಸಂಗತಿ ತಿಳಿದ ಮೇಲೆ ಬಾಷಾನ ಕೈಯಲ್ಲಿದ್ದ ಚಹಾ ಆರಿತು. "ಅರೇ, 'ಗಾಡಿ ಸರಸೋ' ಅಂತ ಒಂದ್ ಮಾತ್ ಹೇಳಿದ್ರ ನಾ ಸರಸ್ತಿರಲಿಲ್ಲೇನು? ಬಂದವ್ರು ಚಹಾ ಕುಡದ್ ಹೋದ್ರು! ನಾನ ಕುಡಿಸೇನಿ!"

ಹನ್ನೊಂದು ಜನ ಸೇರಿ ಆಟೊ ತಳ್ಳಿದರು, ಕೆಲಸಗಾರರು ವಾಲ್ವ್ ತೆರೆದರು. ಆಟೊ ತಳ್ಳುವಾಗ ಶಾಂತಪ್ಪ ಮನಸ್ಸಿನಲ್ಲೇ ನಾಚಿಕೊಂಡ. ಮೆಟ್ಟಿಲು ಎಣಿಸಿದ್ದ, ಕೊಡ ಎಣಿಸಿದ್ದ, ದಿನ ಎಣಿಸಿದ್ದ. ನೀರು ನಿಂತ ದಿನವೂ ಆಟೊ ನಿಂತ ದಿನವೂ ಒಂದೇ ಎಂಬುದನ್ನು ಮಾತ್ರ ಕೂಡಿಸಿ ನೋಡಿರಲಿಲ್ಲ. ಹೊರಡುವಾಗ ಸಾಹೇಬರು ಅವನ ಹತ್ತಿರ ಬಂದು, ಸಂವಿಧಾನದ ಮೊದಲ ಕಲಮನ್ನು ಗೌರವಿಸಿ, ಹೆಸರು ಕೇಳದೆ, "ಮುಂದಿನ ಸಂಚಿಕಿ..." ಎಂದಷ್ಟೇ ಹೇಳಿ ಹೋದರು.

ರವಿವಾರ ಬೆಳಗಿನ 6 ಗಂಟೆ 10 ನಿಮಿಷಕ್ಕೆ ಮೂರನೆಯ ಮಹಡಿಯ ನಲ್ಲಿ ಕೆಮ್ಮಲಿಲ್ಲ, ಸೀನಲಿಲ್ಲ. ಒಂದೇ ಸಲಕ್ಕೆ ಬಂತು. ಮಹಾದೇವಿ ಎರಡೂ ಕೈ ಒಡ್ಡಿ ಮುಖಕ್ಕೆ ನೀರು ಚೆಲ್ಲಿಕೊಂಡು ನಕ್ಕಳು. ಡ್ರಮ್ಮು ತುಂಬಿತು, ಕೊಡಗಳು ತುಂಬಿದವು, ಮಲ್ಲಕ್ಕ ಲೋಟಗಳನ್ನೂ ತುಂಬಿಟ್ಟಳು.

"ಅಳ್ಯಾರ, ಟಿಕೀಟ್ ವಾಪಸ್ ಮಾಡ್ರಿ. ಬಾಣಂತನ ಇಲ್ಲೇ." ಆಮೇಲೆ ದನಿ ತಗ್ಗಿಸಿ, "ಅಂದಂಗ ನಮ್ ಇಂಡಿ ರಸ್ತಾ ಭಾಳ ಕೆಟ್ಟೈತಿ. ರಸ್ತಾದ್ ಮಿನಿಸ್ಟರ್ ಯಾರದಾರ ನಿಮ್ಮಲ್ಲಿ?"

ನಲ್ಲಿ ತಿರುಗಿಸಿ ಬಂದ್ ಮಾಡಿದರು. ಅದು ಪೂರ್ತಿ ನಿಲ್ಲಲಿಲ್ಲ. ಟಪ್ ಎಂದಿತು. ಸ್ವಲ್ಪ ತಡೆದು ಮತ್ತೆ ಟಪ್ ಎಂದಿತು. ಶಾಂತಪ್ಪ ಪಾನಾ ಹಚ್ಚಿ ನಲ್ಲಿ ಬಿಚ್ಚಿದ. ಒಳಗಿನ ವಾಶರು ಅವನ ಕಾರ್ಖಾನೆಯದೇ. ಅದರ ಅಂಚಿನಲ್ಲಿ 'ಪಾಸು' ಎಂದು ಅವನೇ ಹಾಕಿದ ಹಸಿರು ಚುಕ್ಕೆ ಇತ್ತು.

ಮಹಾದೇವಿ, ಅವನು ಬರೆಯಲು ಕೂಡುತ್ತಿದ್ದ ಡ್ರಮ್ಮನ್ನು ತೋರಿಸಿದಳು. ಅದು ತುಂಬಿದ್ದರಿಂದ ಶಾಂತಪ್ಪ ನೆಲದ ಮೇಲೆ ಕುಳಿತು, ಮತ್ತೆ ಜೋಡಿಸಿದ ನಲ್ಲಿಯ ಹನಿಗಳನ್ನು ಗಡಿಯಾರ ಹಿಡಿದು ಮೂರು ಸಲ ಎಣಿಸಿ ಸರಾಸರಿ ತೆಗೆದು, ಸ್ವತಂತ್ರ ಪತ್ರಿಕೆಯ ಸಂಪಾದಕನಿಗೆ ತಕ್ಕಂತೆ ಮುಂದಿನ ಸಂಚಿಕೆಯ ಮುಖಪುಟ ಬರೆದ:

'ತಿದ್ದುಪಡಿ. ಸೋರುವ ನಲ್ಲಿ ಎಂದು ನಾವು ಮೂರು ವಾರ ಬರೆದದ್ದು ಮಾನ್ಯ ಜಲಸಚಿವರಿಗೆ ಅನ್ವಯಿಸುವುದಿಲ್ಲ. ದೇಶದಲ್ಲಿ ಸದ್ಯ ಸೋರುತ್ತಿರುವ ನಲ್ಲಿ ಒಂದೇ, ಅದು ಸಂಪಾದಕರ ಮನೆಯದು. ವೇಗ: ನಿಮಿಷಕ್ಕೆ ಹದಿನಾಲ್ಕು ಹನಿ.'